ಮಾಡ್ಯೂಲ್ ಹೆಸರಿನ ಪಕ್ಕ ಯಾವ ಚಿಹ್ನೆ?

ನಮ್ಮ ಆಫೀಸಿನ ಸರ್ವರ್‌ಗಳಲ್ಲಿ ರೆಡ್ ಹ್ಯಾಟ್ 8ರ ಮೇಲೆ ಕಟ್ಟಿದ ನಮ್ಮದೇ ಲಿನಕ್ಸ್ ಓಡುತ್ತದೆ. ಡೇಟಾಬೇಸ್, ನೋಡ್, ಪಿಎಚ್‌ಪಿ ಎಲ್ಲ ಅದರಲ್ಲಿ ಮಾಡ್ಯೂಲ್ ಆಗಿ ಬರುತ್ತವೆ, ಅಂದರೆ ಒಂದೇ ಸಾಫ್ಟ್‌ವೇರ್‌ನ ಹಲವು ಆವೃತ್ತಿಗಳು ರೆಪೊದಲ್ಲಿ (ಪ್ಯಾಕೇಜ್‌ಗಳ ಭಂಡಾರದಲ್ಲಿ) ಒಟ್ಟಿಗೆ ಇರುತ್ತವೆ, ಬೇಕಾದ್ದನ್ನು ಆರಿಸಿಕೊಳ್ಳಬೇಕು. ಇದಕ್ಕೊಂದು ಪುಟ್ಟ ಕಮಾಂಡ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೋಡ್ ಏನೂ ಕಷ್ಟವಿರಲಿಲ್ಲ, ಒಳಗೆ ದುಡಿಯುವುದು ಡಿಎನ್‌ಎಫ್, ಅಂದರೆ ರೆಡ್ ಹ್ಯಾಟ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್. ಜನ ಏನು ಟೈಪ್ ಮಾಡಬೇಕು ಅನ್ನೋದೇ ತಲೆನೋವು.

ಹೆಸರಿಗೂ ಆವೃತ್ತಿಗೂ ನಡುವೆ ಹಾಕೋಕೆ ಎಲ್ಲರೂ ಮೊದಲು ಹೇಳಿದ್ದು ಹೈಫನ್. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನ 12ನೇ ಆವೃತ್ತಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್-12 ಅಂತ. ನೋಡೋಕೆ ಚೆನ್ನಾಗಿದೆ, ಆದರೆ ರೆಪೊದಲ್ಲಿ ಕಂಟೇನರ್-ಟೂಲ್ಸ್ ಇದೆ, ಪರ್ಲ್-ಡಿಬಿಐ ಇದೆ, ಸಾಲದ್ದಕ್ಕೆ 389-ಡಿಎಸ್ ಅನ್ನೋದೂ ಇದೆ. ಹೆಸರು ಎಲ್ಲಿ ಮುಗಿಯಿತು, ಆವೃತ್ತಿ ಎಲ್ಲಿ ಶುರುವಾಯಿತು ಅಂತ ಕಮಾಂಡ್‌ಗೆ ಹೇಗೆ ಗೊತ್ತಾಗಬೇಕು? ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಕಮಾಂಡ್ ಎಪಿಟಿಯಲ್ಲಂತೂ ಇನ್ನೂ ಮಜಾ. ಅಲ್ಲಿ ‘ಇನ್‌ಸ್ಟಾಲ್’ ಅಂತ ಹೇಳಿ ಹೆಸರಿನ ಕೊನೆಗೆ ಹೈಫನ್ ಇಟ್ಟರೆ ಆ ಪ್ಯಾಕೇಜನ್ನು ಕಿತ್ತೇ ಹಾಕುತ್ತದೆ.

ಎನ್‌ಪಿಎಂ, ಹೋಮ್‌ಬ್ರೂ ಥರದ ಬೇರೆ ಪ್ಯಾಕೇಜ್ ಕಮಾಂಡ್‌ಗಳನ್ನು ಬಳಸಿದವರಿಗೆ ಆವೃತ್ತಿಗೆ ಮೊದಲು @ ಬೇಕಿತ್ತು. ಆದರೆ ಡಿಎನ್‌ಎಫ್‌ನಲ್ಲಿ ಹೆಸರಿಗೆ ಮೊದಲು @ ಬಂದರೆ ಅದು ಗ್ರೂಪ್ ಅಥವಾ ಮಾಡ್ಯೂಲ್. ಒಂದೇ ಚಿಹ್ನೆಗೆ ಮೊದಲು ಬಂದರೆ ಒಂದು ಅರ್ಥ, ಕೊನೆಗೆ ಬಂದರೆ ಇನ್ನೊಂದು ಅರ್ಥ ಯಾಕೆ, ಅಲ್ವಾ?

ಕೊನೆಗೆ ಡಿಎನ್‌ಎಫ್ ದಾರಿಯನ್ನೇ ಹಿಡಿದೆ. ಆವೃತ್ತಿಗೆ ‘:’ (ಕೋಲನ್), ಪ್ರೊಫೈಲ್‌ಗೆ, ಅಂದರೆ ಒಂದು ಕೆಲಸಕ್ಕೆ ಬೇಕಾದ ಪ್ಯಾಕೇಜ್‌ಗಳ ಗುಂಪಿಗೆ, ‘/’. ಪೋಸ್ಟ್‌ಗ್ರೆಸ್‌ಕ್ಯೂಎಲ್:12/ಸರ್ವರ್ ಅಂದರೆ 12ನೇ ಆವೃತ್ತಿ, ಸರ್ವರ್‌ಗೆ ಬೇಕಾದ ಪ್ಯಾಕೇಜ್‌ಗಳು. ರೆಡ್ ಹ್ಯಾಟ್‌ಗೆ ಮೂಲವಾದ ಫೆಡೋರಾ ಲಿನಕ್ಸ್ ತನ್ನ 39ನೇ ಆವೃತ್ತಿಯಿಂದ ಮಾಡ್ಯೂಲ್‌ಗಳನ್ನೇ ಕೈಬಿಟ್ಟಿದೆ, ನಿಜ. ಆದರೆ ರೆಡ್ ಹ್ಯಾಟ್ 8 ಮಾತ್ರ 2029ರವರೆಗೆ ಇರುತ್ತದೆ, ಅಲ್ಲಿಯವರೆಗೆ ಜನರಿಗೆ ಸುಮ್ನೆ ಎರಡು ಭಾಷೆ ಕಲಿಸೋದು ಬೇಡ ಅನ್ನಿಸಿತು.

ಕೋಲನ್‌ಗೂ ಒಂದು ಕಾಟ ಇದೆ. ನಾವು ಕಮಾಂಡ್ ಟೈಪ್ ಮಾಡುವ ಬ್ಯಾಷ್‌ನಲ್ಲಿ ಹೆಸರನ್ನು ಅದೇ ಪೂರ್ತಿ ಮಾಡಲಿ ಅಂತ ಟ್ಯಾಬ್ ಒತ್ತಿದಾಗ ಕೋಲನ್ ಕಂಡಲ್ಲೇ ಪದ ಎರಡಾಗುತ್ತದೆ. ‘ಪೋಸ್ಟ್‌ಗ್ರೆಸ್‌ಕ್ಯೂಎಲ್:1’ ಅಂತ ಹೊಡೆದು ಟ್ಯಾಬ್ ಒತ್ತಿದರೆ ‘ಪೋಸ್ಟ್‌ಗ್ರೆಸ್‌ಕ್ಯೂಎಲ್:ಪೋಸ್ಟ್‌ಗ್ರೆಸ್‌ಕ್ಯೂಎಲ್:12’ ಅಂತ ಬಂದು ಕೂರುತ್ತದೆ. ಬ್ಯಾಷ್ ಹೀಗೆ ಪದ ಒಡೆಯುವ ಚಿಹ್ನೆಗಳ ಪಟ್ಟಿಯಲ್ಲಿ @ ಮತ್ತು = ಕೂಡ ಇವೆ, ಹಾಗಾಗಿ ಚಿಹ್ನೆ ಬದಲಿಸಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಟ್ಯಾಬ್ ಕೆಲಸಕ್ಕೆಂದೇ ಇರುವ ಬ್ಯಾಷ್-ಕಂಪ್ಲೀಷನ್ ಪ್ಯಾಕೇಜ್ ಜೊತೆಯಲ್ಲೇ ಕೋಲನ್‌ವರೆಗಿನ ಭಾಗವನ್ನು ಕತ್ತರಿಸುವ ಸಣ್ಣ ಫಂಕ್ಷನ್ ಬರುತ್ತದೆ. ಅದನ್ನು ಕರೆದ ಮೇಲೆ ಸರಿಹೋಯಿತು.

ಜಾಸ್ತಿ ವಾದ ನಡೆದದ್ದು ಚಿಹ್ನೆಗಲ್ಲ, ಕ್ರಿಯಾಪದಕ್ಕೆ. ಡಿಎನ್‌ಎಫ್‌ನಲ್ಲಿ ‘ಎನೇಬಲ್’ ಮಾಡಿದರೆ ಆ ಆವೃತ್ತಿಯ ಬಾಗಿಲು ತೆರೆಯುತ್ತದೆ ಅಷ್ಟೇ, ಏನೂ ಇನ್‌ಸ್ಟಾಲ್ ಆಗುವುದಿಲ್ಲ. ಹೊಸಬರು ಎನೇಬಲ್ ಮಾಡಿ ಕಮಾಂಡ್ ಎಲ್ಲಿ ಹೋಯ್ತು ಅಂತ ಹುಡುಕುತ್ತಾರೆ. ನಮ್ಮದರಲ್ಲಿ ಎನೇಬಲ್ ತೆಗೆದುಬಿಟ್ಟೆ, ‘ಇನ್‌ಸ್ಟಾಲ್’ ಒಂದೇ ಎರಡೂ ಕೆಲಸ ಮಾಡುತ್ತದೆ.

ಆದರೆ ಈಗಾಗಲೇ 10 ಇರುವಲ್ಲಿ 12 ಕೇಳಿದರೆ ‘ಇನ್‌ಸ್ಟಾಲ್’ ಒಪ್ಪುವುದಿಲ್ಲ. ಈಗ ಯಾವುದಿದೆ, ಮುಂದೆ ಯಾವ ಕಮಾಂಡ್ ಕೊಡಬೇಕು ಅಂತ ಪೂರ್ತಿ ಸಾಲನ್ನೇ ತೋರಿಸಿ ನಿಲ್ಲುತ್ತದೆ. ಪೋಸ್ಟ್‌ಗ್ರೆಸ್‌ನ ಹಳೇ ಡೇಟಾ ಡೈರೆಕ್ಟರಿಯನ್ನು ಹೊಸ ಆವೃತ್ತಿ ಹಾಗೇ ಓದುವುದಿಲ್ಲ, ಮೊದಲು ಅದನ್ನು ಅಪ್‌ಗ್ರೇಡ್ ಮಾಡಬೇಕು. ಅದಕ್ಕೇ ‘ಸ್ವಿಚ್’ ಅನ್ನೋದನ್ನು ಬೇರೆ ಇಟ್ಟೆ, ಅದರಲ್ಲಿ ಕೇಳದೇ ಎಲ್ಲಕ್ಕೂ ‘ಹೌದು’ ಅನ್ನಿಸುವ ‘-ವೈ’ ಇಲ್ಲ. ಸ್ಕ್ರಿಪ್ಟ್ ಬರೆಯುವವರು ಈಗಲೂ ಗೊಣಗುತ್ತಾರೆ, ನಾನಂತೂ ಹಾಕಿಕೊಟ್ಟಿಲ್ಲ.