ದೊಡ್ಡ ಸಂಸ್ಥೆಯಲ್ಲಿ ಡೇಟಾ ಗವರ್ನೆನ್ಸ್ ಶುರು ಮಾಡೋದು ಹೇಗೆ? ಸಾಫ್ಟ್‌ವೇರ್ ಆಮೇಲೆ, ಮೊದಲು ಹೊಣೆಗಾರರ ಹೆಸರು

ಒಂದು ದೊಡ್ಡ ಬ್ಯಾಂಕು ಅಂತ ಇಟ್ಕೊಳ್ಳಿ, ನೂರಾರು ಬ್ರಾಂಚು, ಹತ್ತಾರು ಸಿಸ್ಟಮ್ಮು. ಎಂಡಿ ಮೀಟಿಂಗ್‌ನಲ್ಲಿ "ನಮಗೆ ಒಟ್ಟು ಎಷ್ಟು ಗ್ರಾಹಕರಿದ್ದಾರೆ" ಅಂತ ಕೇಳ್ತಾರೆ. ಡೆಪಾಸಿಟ್‌ನವರು ಒಂದು ನಂಬರ್ ಹೇಳ್ತಾರೆ, ಸಾಲದವರು ಇನ್ನೊಂದು, ಮೊಬೈಲ್ ಆಪ್ ಟೀಮಿನವರದ್ದು ಮೂರನೇದು. ಯಾರೂ ಸುಳ್ಳು ಹೇಳ್ತಿಲ್ಲ, ಒಬ್ಬರು ಖಾತೆ ಎಣಿಸಿದ್ದಾರೆ, ಇನ್ನೊಬ್ಬರು ಪ್ಯಾನ್ ನಂಬರ್, ಮತ್ತೊಬ್ಬರು ಮೊಬೈಲ್ ನಂಬರ್. ಯಾರ ಲೆಕ್ಕ ಸರಿ ಅನ್ನೋ ವಾದದಲ್ಲೇ ಮೀಟಿಂಗ್ ಮುಗಿದುಹೋಗತ್ತೆ. ಈ ವಾದಾನ ಒಂದ್ಸಲ ಕೂತು ಮುಗಿಸಿ, ತೀರ್ಮಾನ ಬರೆದಿಟ್ಟು, ಅದನ್ನ ಕಾಯೋಕೆ ಒಬ್ಬರನ್ನ ನೇಮಿಸೋದೇ ಡೇಟಾ ಗವರ್ನೆನ್ಸ್.

ಹೆಚ್ಚಿನ ಕಡೆ ಮಾಡೋದೇನು ಅಂದ್ರೆ, ಮೊದಲು ಕೋಟಿಗಟ್ಟಲೆ ಕೊಟ್ಟು ಒಂದು ಟೂಲ್, ಅಂದ್ರೆ ಸಂಸ್ಥೆಯ ಡೇಟಾನೆಲ್ಲ ಪಟ್ಟಿ ಮಾಡಿಡೋ ಸಾಫ್ಟ್‌ವೇರ್, ತಗೋತಾರೆ, ಐಟಿ ಡಿಪಾರ್ಟ್‌ಮೆಂಟ್‌ಗೆ ಒಪ್ಪಿಸ್ತಾರೆ, ಒಂದು ವರ್ಷ ಆದ್ಮೇಲೆ ಅದರಲ್ಲಿ ಸಾವಿರಾರು ಟೇಬಲ್‌ಗಳ ಪಟ್ಟಿ ಇರತ್ತೆ ಆದ್ರೆ ಯಾವುದು ಯಾರದ್ದು ಅಂತ ಒಂದಕ್ಕೂ ಬರೆದಿರಲ್ಲ. ಅದಕ್ಕೇ ನಾನು ಹೇಳೋದು, ಟೂಲ್ ಕೊನೆಗಿರಲಿ.

ಮೊದಲು ಮೇಲಿನವರ ಒಪ್ಪಿಗೆ, ಆದ್ರೆ ಒಂದೇ ಒಂದು ನೋವಿನ ಜಾಗ

2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ಬಿದ್ದಾಗ ಜಗತ್ತಿನ ಎಷ್ಟೋ ದೊಡ್ಡ ಬ್ಯಾಂಕುಗಳಿಗೆ ತಮ್ಮ ದುಡ್ಡು ಎಲ್ಲೆಲ್ಲಿ ಎಷ್ಟು ಸಿಕ್ಕಿಹಾಕ್ಕೊಂಡಿದೆ ಅಂತ ಬೇಗ ಕೂಡಿಸಿ ಹೇಳೋಕೇ ಆಗ್ಲಿಲ್ಲ. ಆ ಪಾಠದಿಂದ, ಬ್ಯಾಂಕುಗಳ ಮೇಲ್ವಿಚಾರಣೆಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸೋ ಬಾಸೆಲ್ ಸಮಿತಿ 2013ರ ಜನವರಿಯಲ್ಲಿ ಬಿಸಿಬಿಎಸ್ 239 ಅನ್ನೋ ತತ್ವಗಳನ್ನ ತಂತು, ಅದರ ಮೊದಲನೇ ತತ್ವವೇ ಗವರ್ನೆನ್ಸ್, ಹೊಣೆ ನೇರವಾಗಿ ಬೋರ್ಡ್ ಮತ್ತು ಹಿರಿಯ ಆಡಳಿತದ ಮೇಲೆ. ನೀವೂ ಅಲ್ಲಿಂದಲೇ ಶುರು ಮಾಡಿ. ಆದ್ರೆ "ಇಡೀ ಸಂಸ್ಥೆಯ ಡೇಟಾ ಸರಿ ಮಾಡ್ತೀವಿ" ಅಂತ ಹೋಗ್ಬೇಡಿ, ದುಡ್ಡು ಅಥವಾ ಮರ್ಯಾದೆ ಹೋಗ್ತಿರೋ ಒಂದು ಜಾಗ ಹಿಡ್ಕೊಳ್ಳಿ. ನಮ್ಮ ಉದಾಹರಣೆಯ ಬ್ಯಾಂಕಿನಲ್ಲಿ ಅದು ಗ್ರಾಹಕರ ಮಾಹಿತಿ.

ಪ್ರತಿ ಡೇಟಾಗೂ ಒಬ್ಬ ಓನರ್

ಇದೇ ಇಡೀ ಕೆಲಸದ ಜೀವಾಳ. ಓನರ್ ಅಂದ್ರೆ ಆ ಡೇಟಾದ ಅರ್ಥ ಏನು, ಯಾರು ನೋಡಬಹುದು, ತಪ್ಪಾದ್ರೆ ಯಾರು ಸರಿಪಡಿಸಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ಇರೋ ವ್ಯಕ್ತಿ, ಆತ ಬಿಸಿನೆಸ್ ಕಡೆಯವನಾಗಿರಬೇಕು, ಐಟಿಯವನಲ್ಲ. ಸರ್ವರ್ ನೋಡ್ಕೊಳ್ಳೋದು ಐಟಿ, ಆದ್ರೆ ಗ್ರಾಹಕನ ವಿಳಾಸ ತಪ್ಪಿದ್ರೆ ಅದು ಬ್ರಾಂಚ್ ಬ್ಯಾಂಕಿಂಗ್ ಮುಖ್ಯಸ್ಥರ ಸಮಸ್ಯೆ. ಓನರ್ ಕೆಳಗೆ ಸ್ಟೀವರ್ಡ್, ಅಂದ್ರೆ ದಿನಾ ಆ ಡೇಟಾ ಜೊತೆ ಗುದ್ದಾಡೋ ಮನುಷ್ಯ. ಇವರು ಈಗಾಗ್ಲೇ ನಿಮ್ಮಲ್ಲಿದ್ದಾರೆ, ರಿಪೋರ್ಟ್ ಹೊಂದಿಲ್ಲ ಅಂದ್ರೆ ಎಲ್ಲರೂ ಫೋನ್ ಮಾಡೋದು ಇವರಿಗೇ. ಅವರಿಗೆ ಬರವಣಿಗೆಯಲ್ಲಿ ಆ ಹೊಣೆ ಕೊಡಿ, ಅದಕ್ಕೆ ಟೈಮ್ ಕೊಡಿ, ವರ್ಷದ ಅಪ್ರೈಸಲ್‌ನಲ್ಲಿ ಲೆಕ್ಕಕ್ಕೆ ತಗೊಳ್ಳಿ. "ಇರೋ ಕೆಲಸದ ಜೊತೆ ಇದನ್ನೂ ನೋಡ್ಕೊ" ಅಂದ್ರೆ ಯಾರೂ ನೋಡಲ್ಲ. ಕಮಿಟಿ ಹೆಸರನ್ನ ಓನರ್ ಅಂತ ಬರೀಬೇಡಿ, ಒಬ್ಬ ಮನುಷ್ಯನ ಹೆಸರೇ ಇರಬೇಕು.

ಅರ್ಥ ಮತ್ತು ನಿಯಮ ಬರೆದಿಡಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು, ಯಾಕಂದ್ರೆ ನಮ್ಮ ಕಡೆಯ ಡೇಟಾಗೆ ನಮ್ಮದೇ ಕಷ್ಟಗಳಿವೆ. ಒಬ್ಬನೇ ಗ್ರಾಹಕ, ಉಳಿತಾಯ ಖಾತೆಯಲ್ಲಿ 'ಮಂಜುನಾಥ ಎಚ್.ಎನ್.', ಸಾಲದ ಫೈಲಲ್ಲಿ 'ಎಚ್ ಎನ್ ಮಂಜುನಾಥ್', ಇನ್ಶೂರೆನ್ಸಲ್ಲಿ 'ಮಂಜುನಾಥ್ ನಾರಾಯಣಪ್ಪ'. ಇನಿಷಿಯಲ್‌ನಲ್ಲಿ ಒಂದು ಊರಿನ ಹೆಸರು, ಇನ್ನೊಂದು ಅಪ್ಪನ ಹೆಸರು, ಮೊದಲ ಹೆಸರು ಕೊನೆಯ ಹೆಸರು ಅಂತ ಎರಡೇ ಕಾಲಂ ಇರೋ ಫಾರಂನಲ್ಲಿ ಇದು ಹೇಗೆ ಸೇರಬೇಕು? ಕೌಂಟರ್‌ನಲ್ಲಿ ಕೂತವರು ತೋಚಿದ ಹಾಗೆ ತುಂಬ್ತಾರೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1, ಮೊಬೈಲ್ ಕಡ್ಡಾಯ ಅಂತ ಸಾಫ್ಟ್‌ವೇರ್ ಹಟ ಹಿಡಿದ್ರೆ ಹತ್ತು ಸಲ 9. ಹಳೇ 'ನುಡಿ' ಸಾಫ್ಟ್‌ವೇರಿನ ಫೈಲುಗಳಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿಟ್ಟ ಹೆಸರುಗಳಂತೂ ಹೊಸ ಸಿಸ್ಟಮ್‌ಗೆ ಬಂದ್ರೆ ಓದೋಕೂ ಆಗಲ್ಲ, ಹುಡುಕೋಕೂ ಆಗಲ್ಲ, ಮೊದಲು ಪರಿವರ್ತನೆ ಮಾಡಲೇಬೇಕು.

ಹಾಗಾಗಿ ಸ್ಟೀವರ್ಡ್‌ಗಳನ್ನ ಕೂರಿಸಿ ಬರೆಸಿ: ಪೂರ್ತಿ ಹೆಸರು ಒಂದೇ ಕಾಲಂ, ಗುರುತಿನ ದಾಖಲೆಯಲ್ಲಿ ಇದ್ದ ಹಾಗೇ. ದಿನಾಂಕ ಗೊತ್ತಿಲ್ಲ ಅಂದ್ರೆ 'ಗೊತ್ತಿಲ್ಲ' ಅಂತ ಹಾಕೋಕೆ ಅವಕಾಶ ಇರಲಿ, ಸುಳ್ಳು ದಿನಾಂಕಕ್ಕಿಂತ ಖಾಲಿ ಜಾಗ ಎಷ್ಟೋ ವಾಸಿ. 'ಸಕ್ರಿಯ ಗ್ರಾಹಕ' ಅಂದ್ರೆ ಎಷ್ಟು ತಿಂಗಳೊಳಗೆ ವ್ಯವಹಾರ ಮಾಡಿದವರು, ಅದೂ ಬರೀರಿ. ಇಪ್ಪತ್ತು ಮೂವತ್ತು ಮುಖ್ಯ ಪದಗಳು ಸಾಕು, ಐನೂರು ಬರೀತೀವಿ ಅಂತ ಕೂತ್ರೆ ಯಾವತ್ತೂ ಮುಗಿಯಲ್ಲ.

ಬರೆದದ್ದನ್ನ ಚೆಕ್ ಮಾಡೋ ವ್ಯವಸ್ಥೆ

ತಪ್ಪನ್ನ ತಿಂಗಳ ಕೊನೆಯ ರಿಪೋರ್ಟಲ್ಲಿ ಹುಡುಕೋದಕ್ಕಿಂತ ಡೇಟಾ ಹುಟ್ಟೋ ಜಾಗದಲ್ಲೇ, ಅಂದ್ರೆ ಕೌಂಟರ್ ಸ್ಕ್ರೀನಲ್ಲೇ ತಡೀರಿ. ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹೊರಟ ಸಾಲುಗಳೆಷ್ಟು, ತಲುಪಿದ್ದೆಷ್ಟು ಅಂತ ಎಣಿಸಿ. ಚಿಕ್ಕ ವಿಷಯ ಅನ್ಸತ್ತೆ, ಆದ್ರೆ 2020ರಲ್ಲಿ ಇಂಗ್ಲೆಂಡ್‌ನಲ್ಲಿ ಕೋವಿಡ್ ಪಾಸಿಟಿವ್ ಬಂದ 15,841 ಜನರ ಮಾಹಿತಿ ದಿನದ ಲೆಕ್ಕಕ್ಕೆ ಸೇರದೇ ಉಳಿದದ್ದು, ಹಳೇ ಎಕ್ಸೆಲ್ ಫೈಲ್‌ನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸಲ್ಲ ಅನ್ನೋ ಕಾರಣಕ್ಕೆ. ಅವರ ಸಂಪರ್ಕಕ್ಕೆ ಬಂದವರನ್ನ ಹುಡುಕೋದೂ ತಡವಾಯ್ತು.

ಯಾರು ನೋಡಬಹುದು, ಎಷ್ಟು ದಿನ ಇಡಬಹುದು

ಡೇಟಾನ ಮೂರು ನಾಲ್ಕು ದರ್ಜೆ ಮಾಡಿ, ಸಾರ್ವಜನಿಕ, ಆಂತರಿಕ, ಗೋಪ್ಯ ಅಂತ, ದರ್ಜೆ ಪ್ರಕಾರ ಆಕ್ಸೆಸ್ ಕೊಡಿ. ಜನರ ವೈಯಕ್ತಿಕ ಡೇಟಾ ಕಾಪಾಡೋದು ಈಗ ಬರೀ ಒಳ್ಳೇ ಅಭ್ಯಾಸ ಅಲ್ಲ, ಕಾನೂನು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಗಡುವು ಇದೆ. ಸರಿಯಾದ ಭದ್ರತೆ ಇಡದೇ ಡೇಟಾ ಸೋರಿದ್ರೆ 250 ಕೋಟಿ ರೂಪಾಯಿವರೆಗೆ ದಂಡ. ಸೈಬರ್ ಘಟನೆ ಆದ್ರೆ ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅನ್ನೋದು 2022ರಿಂದಲೇ ಇದೆ. ಯಾವ ಡೇಟಾ ಎಲ್ಲಿದೆ, ಅದರ ಓನರ್ ಯಾರು ಅಂತಲೇ ಗೊತ್ತಿಲ್ಲದ ಸಂಸ್ಥೆ ಆ 6 ಗಂಟೆಯಲ್ಲಿ ಏನು ತಿಳಿಸೋಕಾಗತ್ತೆ? ಹಾಗೇ, ಗ್ರಾಹಕ ಒಪ್ಪಿಗೆ ಕೊಟ್ಟ ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಕೊಳ್ಳಿ ಅನ್ನದಿದ್ರೆ, ಅಳಿಸಬೇಕು. ಆಗ ಬ್ಯಾಕಪ್, ಟೆಸ್ಟ್ ಸರ್ವರ್, ಯಾರದ್ದೋ ಲ್ಯಾಪ್‌ಟಾಪ್‌ನಲ್ಲಿರೋ ಎಕ್ಸೆಲ್, ವೆಂಡರ್ ಹತ್ರ ಇರೋ ಕಾಪಿ ಎಲ್ಲವೂ ಲೆಕ್ಕಕ್ಕೆ ಬರತ್ತೆ.

ಆಮೇಲೆ ಟೂಲ್, ಆಮೇಲೆ ಎರಡನೇ ವಿಭಾಗ

ಓನರ್‌ಗಳೆಲ್ಲ ಸೇರೋ ಕೌನ್ಸಿಲ್ ತಿಂಗಳಿಗೊಮ್ಮೆ ಕೂರಲಿ, ಬಗೆಹರಿಯದ ತಕರಾರು ಮಾತ್ರ ಅಲ್ಲಿಗೆ ಬರಲಿ. ಎರಡು ಮೂರು ಅಳತೆ ಇಟ್ಕೊಳ್ಳಿ, ಡೂಪ್ಲಿಕೇಟ್ ಗ್ರಾಹಕರು ಎಷ್ಟು ಕಮ್ಮಿಯಾದ್ರು, ವರದಿಯಾದ ತಪ್ಪು ಸರಿಯಾಗೋಕೆ ಎಷ್ಟು ದಿನ ಹಿಡೀತು ಅಂತ. ಅವು ಸುಧಾರಿಸೋದು ಕಂಡ ಮೇಲೆ ಸಾಲದ ವಿಭಾಗಕ್ಕೆ ಹೋಗಿ, ಸ್ಪ್ರೆಡ್‌ಶೀಟಲ್ಲಿ ನಿಭಾಯಿಸೋಕಾಗದಷ್ಟು ಬೆಳೆದ ಮೇಲೆ ಟೂಲ್ ತಗೊಳ್ಳಿ.

ಇನ್ನೊಂದು ಕೆಲಸ ತುಂಬಾ ಕಡೆ ಬಿಟ್ಟುಹೋಗತ್ತೆ. ಓನರ್‌ಗೆ ಟ್ರಾನ್ಸ್‌ಫರ್ ಆಗತ್ತೆ, ಸ್ಟೀವರ್ಡ್ ರಿಟೈರ್ ಆಗ್ತಾರೆ, ಪಟ್ಟಿಯಲ್ಲಿ ಹಳೇ ಹೆಸರೇ ಉಳ್ಕೊಳ್ಳತ್ತೆ. ಎಚ್‌ಆರ್ ಜೊತೆ ಮಾತಾಡಿ, ಲ್ಯಾಪ್‌ಟಾಪ್ ಮತ್ತು ಐಡಿ ಕಾರ್ಡ್ ವಾಪಸ್ ಕೊಡೋ ರಿಲೀವಿಂಗ್ ಫಾರಂನಲ್ಲೇ ಒಂದು ಸಾಲು ಸೇರಿಸಿ: ನಿಮ್ಮ ಹೆಸರಲ್ಲಿರೋ ಡೇಟಾ ಯಾರಿಗೆ ಒಪ್ಪಿಸಿದ್ದೀರಿ, ಅವರ ಸಹಿ.