ಉದುರಿದ ಹಾಲುಹಲ್ಲಿನಿಂದ ರಕ್ತಸಂಬಂಧ ಗುರುತಿಸುವುದು ಹೇಗೆ?

ಹಾಲುಹಲ್ಲುಗಳು ಒಟ್ಟು 20. ಸುಮಾರು 6ನೇ ವಯಸ್ಸಿನಿಂದ 12ರೊಳಗೆ ಅವು ಒಂದೊಂದಾಗಿ ಉದುರುತ್ತವೆ. ಒಳಗಿನಿಂದ ಶಾಶ್ವತ ಹಲ್ಲು ಒತ್ತಿಕೊಂಡು ಬರುವಾಗ ಹಾಲುಹಲ್ಲಿನ ಬೇರನ್ನು ದೇಹವೇ ಕರಗಿಸಿಬಿಡುವುದರಿಂದ, ಕೈಗೆ ಸಿಗುವುದು ಹೆಚ್ಚಾಗಿ ಮೇಲಿನ ಭಾಗ ಮಾತ್ರ. ಡಿಎನ್‌ಎ ಧಾರಾಳವಾಗಿ ಸಿಗುವ ಬೇರಿನ ಸಿಮೆಂಟಮ್ ಪದರ ಆ ಹೊತ್ತಿಗೆ ಬಹುತೇಕ ಇಲ್ಲವಾಗಿರುತ್ತದೆ. ಹೊರಗಿನ ಎನಾಮಲ್‌ನಲ್ಲಿ ಜೀವಕೋಶಗಳೇ ಇರುವುದಿಲ್ಲ. ಆದ್ದರಿಂದ ನಾವು ನೆಚ್ಚಬೇಕಾದದ್ದು ಎನಾಮಲ್‌ನ ಕೆಳಗಿರುವ ಡೆಂಟಿನ್ ಪದರವನ್ನು ಮತ್ತು ಹಲ್ಲಿನ ತಳದ ಕುಳಿಯಲ್ಲಿ ಅಂಟಿಕೊಂಡ ತಿರುಳಿನ, ರಕ್ತದ ಅಲ್ಪ ಶೇಷವನ್ನು. ದಂತವೈದ್ಯರು ಕಿತ್ತ, ಬೇರು ಇನ್ನೂ ಉಳಿದಿರುವ ಹಲ್ಲು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹುಳುಕಾದ ಅಥವಾ ಸಿಮೆಂಟ್ ತುಂಬಿದ ಹಲ್ಲಿಗಿಂತ ಗಟ್ಟಿಯಾದ ಹಲ್ಲು, ಬಾಚಿಹಲ್ಲಿಗಿಂತ ದವಡೆಹಲ್ಲು ಉತ್ತಮ.

ಮಗು ಎದುರಿಗೇ ಇದ್ದು ಪರೀಕ್ಷೆಗೆ ಸಿಗುವಂತಿದ್ದರೆ ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಮಾದರಿ ತೆಗೆಯುವುದೇ ಸುಲಭ. ಹಲ್ಲಿನ ನಿಜವಾದ ಬೆಲೆ ತಿಳಿಯುವುದು ಮಗು ಕಾಣೆಯಾದಾಗ, ತೀರಿಹೋದಾಗ, ಅಥವಾ ಸಾವಿರಾರು ವರ್ಷಗಳ ಹಿಂದಿನ ನೆಲೆಯೊಂದನ್ನು ಅಗೆಯುವಾಗ. ಈಶಾನ್ಯ ಸೈಬೀರಿಯಾದ ಯಾನಾ ನದಿಯ ಬಳಿ ದೊರೆತ ಸುಮಾರು 31,600 ವರ್ಷ ಹಳೆಯ ಎರಡು ಹಾಲುಹಲ್ಲುಗಳ ಚೂರುಗಳಿಂದ ಪಡೆದ ಜೀನೋಮ್‌ಗಳು (ಒಬ್ಬ ವ್ಯಕ್ತಿಯ ಇಡೀ ಡಿಎನ್‌ಎಯ ವಿವರ) 2019ರಲ್ಲಿ ಪ್ರಕಟವಾದವು. ಅವು ಇಬ್ಬರು ಗಂಡುಮಕ್ಕಳವು, ಮತ್ತು ಒಂದೇ ನೆಲೆಯಲ್ಲಿ ಸಿಕ್ಕರೂ ಆ ಮಕ್ಕಳು ಹತ್ತಿರದ ರಕ್ತಸಂಬಂಧಿಗಳಲ್ಲ ಎಂಬುದು ಅದರಿಂದ ತಿಳಿಯಿತು.

ಕೆಲಸ ಆರಂಭಿಸುವ ಮುನ್ನ ಹೆತ್ತವರ ಲಿಖಿತ ಒಪ್ಪಿಗೆಯನ್ನೂ, ತಿಳಿವಳಿಕೆ ಬಂದ ಮಗುವಾದರೆ ಅದರ ಸಮ್ಮತಿಯನ್ನೂ ಪಡೆಯಿರಿ. ತಂದೆಯೆಂದು ನಂಬಿದವರು ತಂದೆಯಲ್ಲವೆಂದು ಕಂಡುಬಂದರೆ ಅದನ್ನು ತಿಳಿಸಬೇಕೇ, ಯಾರಿಗೆ ತಿಳಿಸಬೇಕು ಎಂಬುದು ಆಗಲೇ ತೀರ್ಮಾನವಾಗಿರಲಿ. ಫಲಿತಾಂಶ ಕೈಗೆ ಬಂದ ಮೇಲೆ ಈ ಪ್ರಶ್ನೆ ಎತ್ತುವುದು ಮಗುವಿಗೆ ಮಾಡುವ ಅನ್ಯಾಯ.

ಹಲ್ಲು ಬಿದ್ದೊಡನೆ ಕೈಗವಸು ಧರಿಸಿ ಅದನ್ನು ಎತ್ತಿಕೊಂಡು, ಶುದ್ಧ ನೀರಿನಲ್ಲಿ ಒಮ್ಮೆ ಮಾತ್ರ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಫಾರ್ಮಲಿನ್ ಮತ್ತು ಕುದಿಯುವ ನೀರು ಡಿಎನ್‌ಎಯನ್ನು ಕೆಡಿಸುತ್ತವೆ. ಒಂದು ಲಕೋಟೆಗೆ ಒಂದೇ ಹಲ್ಲು. ಅದರ ಮೇಲೆ ಹೆಸರಿನ ಬದಲು ಸಂಕೇತ, ಯಾವ ಹಲ್ಲು, ಯಾವ ದಿನ ಬಿತ್ತು ಎಂಬುದನ್ನು ಬರೆಯಿರಿ.

ಈ ಇಡೀ ವಿಧಾನದಲ್ಲಿ ನನ್ನನ್ನು ಅತಿಯಾಗಿ ಕಾಡುವ ಸಂಗತಿಯೆಂದರೆ, ಹಾಲುಹಲ್ಲನ್ನು ಮುಟ್ಟುವವರು ಸಾಮಾನ್ಯವಾಗಿ ತಾಯಿ, ತಂದೆ ಅಥವಾ ಒಡಹುಟ್ಟಿದವರೇ ಆಗಿರುತ್ತಾರೆ ಎಂಬುದು. ಅಪರಿಚಿತರ ಡಿಎನ್‌ಎ ಬೆರೆತರೆ ಅದು ಬೇರೆಯಾಗಿ ಎದ್ದು ಕಾಣುತ್ತದೆ. ತಾಯಿಯದು ಬೆರೆತರೆ ಅದು ಸಂಬಂಧದ ಸಾಕ್ಷ್ಯದಂತೆಯೇ ತೋರುತ್ತದೆ. ಜೀವಕೋಶದೊಳಗಿನ ಶಕ್ತಿಘಟಕಗಳಾದ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದಲೇ ಬರುವುದರಿಂದ ಈ ಬೆರಕೆಯನ್ನು ಅದು ಬಯಲುಮಾಡಲಾರದು. ಬಯಲುಮಾಡುವುದು ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯ ಕೆಲವು ಸ್ಥಾನಗಳಲ್ಲಿ ಸಣ್ಣ ತುಣುಕೊಂದು ಎಷ್ಟು ಬಾರಿ ಮರುಕಳಿಸಿದೆ ಎಂದು ಎಣಿಸುವುದು; ಆ ಎಣಿಕೆಯೇ ಆ ಸ್ಥಾನದ ‘ರೂಪ’): ಒಂದು ಮಗುವಿಗೆ ಒಂದು ಸ್ಥಾನದಲ್ಲಿ ಎರಡಕ್ಕಿಂತ ಹೆಚ್ಚು ರೂಪಗಳು ಇರಲಾರವು, ಆದ್ದರಿಂದ ಹಲವು ಸ್ಥಾನಗಳಲ್ಲಿ ಮೂರನೆಯದು ಕಂಡರೆ ಮಾದರಿ ಬೆರಕೆಯಾಗಿದೆ ಎಂದೇ ಭಾವಿಸಿ. ಹಲ್ಲನ್ನು ಮುಟ್ಟಿದ ಎಲ್ಲರ ಮಾದರಿಯನ್ನೂ, ಪ್ರಯೋಗಾಲಯದ ಸಿಬ್ಬಂದಿಯದನ್ನೂ ಸೇರಿಸಿ, ಹೋಲಿಕೆಗಾಗಿ ಇಟ್ಟುಕೊಳ್ಳಿ.

ಪ್ರಯೋಗಾಲಯದಲ್ಲಿ ಮೊದಲು ಹಲ್ಲಿನ ಚಿತ್ರ ತೆಗೆದು ಅಳತೆ ಬರೆದಿಡಿ, ಏಕೆಂದರೆ ಪುಡಿಯಾದ ಮೇಲೆ ಅದರ ಆಕಾರ ಮರಳಿ ಸಿಗದು. ಹೊರಮೈಯನ್ನು ತೆಳು ಬ್ಲೀಚ್‌ನಿಂದ ಒರೆಸಿ, ಶುದ್ಧ ನೀರಿನಲ್ಲಿ ತೊಳೆದು, ಅತಿನೇರಳೆ ಬೆಳಕಿಗೆ ಒಡ್ಡಿ. ಬ್ಲೀಚ್ ತಳದ ಕುಳಿಗೆ ಇಳಿಯದಿರಲಿ. ನಂತರ ಡ್ರಿಲ್ಲನ್ನು ನಿಧಾನ ವೇಗದಲ್ಲಿ ಓಡಿಸಿ ಒಳಗಿನಿಂದ ಡೆಂಟಿನ್ ಪುಡಿ ತೆಗೆಯಿರಿ. ವೇಗ ಹೆಚ್ಚಿದರೆ ಹುಟ್ಟುವ ಶಾಖ ಡಿಎನ್‌ಎಯನ್ನು ಹಾಳುಮಾಡುತ್ತದೆ. ಪುಡಿಯನ್ನು 0.5 ಮೋಲಾರ್ ಇಡಿಟಿಎ ದ್ರಾವಣದಲ್ಲಿ ನೆನೆಸಿದರೆ ಕ್ಯಾಲ್ಸಿಯಂ ಕರಗುತ್ತದೆ. ಪ್ರೋಟಿನೇಸ್ ಕೆ ಎಂಬ ಕಿಣ್ವ ಸೇರಿಸಿ ಸುಮಾರು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಟ್ಟರೆ ಪ್ರೋಟೀನು ಒಡೆಯುತ್ತದೆ. ಬಿಡುಗಡೆಯಾದ ಡಿಎನ್‌ಎಯನ್ನು ಸಿಲಿಕಾಕ್ಕೆ ಅಂಟಿಸಿಕೊಂಡು ಶುದ್ಧೀಕರಿಸಿ. ಹಲ್ಲಿನ ಪುಡಿಯಿಲ್ಲದ ಖಾಲಿ ನಳಿಕೆಯೊಂದನ್ನು ಇವೇ ಹಂತಗಳಲ್ಲಿ ಜೊತೆಗೇ ಸಾಗಿಸಿ; ಅದರಲ್ಲಿ ಮಾನವ ಡಿಎನ್‌ಎ ಕಂಡುಬಂದರೆ ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ.

ಹೋಲಿಕೆ ಮಾಡುವಾಗ, ಮಗು ಪ್ರತಿ ಸ್ಥಾನದಲ್ಲೂ ತಾಯಿಯಿಂದ ಒಂದು, ತಂದೆಯಿಂದ ಒಂದು ರೂಪವನ್ನು ಪಡೆದಿರುತ್ತದೆ ಎಂಬ ನಿಯಮದಿಂದ ಹೊರಡಿ. ಒಂದೇ ಸ್ಥಾನದಲ್ಲಿ ಹೊಂದಿಕೆ ತಪ್ಪಿದ ಮಾತ್ರಕ್ಕೆ ಸಂಬಂಧವನ್ನು ಅಲ್ಲಗಳೆಯಬೇಡಿ, ಅದು ಹೊಸ ರೂಪಾಂತರವೂ ಆಗಿರಬಹುದು. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು, ಮಲಸೋದರರು (ತಾಯಿ ಅಥವಾ ತಂದೆ ಒಬ್ಬರು ಮಾತ್ರ ಒಂದೇ ಆಗಿರುವವರು) ಕಾಲುಭಾಗದಷ್ಟು ಡಿಎನ್‌ಎ ಹಂಚಿಕೊಳ್ಳುತ್ತಾರೆ, ಆದರೆ ಇದು ಜೋಡಿಯಿಂದ ಜೋಡಿಗೆ ವ್ಯತ್ಯಾಸವಾಗುತ್ತದೆ. ಹಾಗಾಗಿ ಇಪ್ಪತ್ತು ಎಸ್‌ಟಿಆರ್ ಸ್ಥಾನಗಳು ತಾಯಿ–ಮಗುವಿನ ಸಂಬಂಧಕ್ಕೆ ಸಾಮಾನ್ಯವಾಗಿ ಸಾಕಾದರೂ, ಮಲಸೋದರರನ್ನು ಗುರುತಿಸಲು ಸಾವಿರಾರು ಎಸ್‌ಎನ್‌ಪಿ ಸ್ಥಾನಗಳನ್ನು (ಡಿಎನ್‌ಎಯ ಒಂದೇ ಒಂದು ಅಕ್ಷರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುವ ಜಾಗಗಳನ್ನು) ಓದುವುದು ಲೇಸು. ವರದಿಯಲ್ಲಿ ಬರೀ ‘ಹೌದು’ ಅಥವಾ ‘ಅಲ್ಲ’ ಎಂದು ಬರೆಯದೆ, ಸಂಬಂಧವಿದ್ದರೆ ಈ ಫಲಿತಾಂಶ ಬರುವ ಸಂಭವ ಸಂಬಂಧವಿಲ್ಲದಿದ್ದರೆ ಬರುವುದಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂಬ ಅನುಪಾತವನ್ನು ಕೊಡಿ. ಉಳಿದ ಹಲ್ಲಿನ ಚೂರನ್ನು ಒಪ್ಪಿಗೆಪತ್ರದಲ್ಲಿ ಹೇಳಿದಂತೆ ಕುಟುಂಬಕ್ಕೆ ಹಿಂದಿರುಗಿಸಿ.