ಮೆಥಾಕ್ಸಿಯನ್ನು ಉಳಿಸಿಕೊಂಡ ಬಗೆ: ಔಷಧ ಶೋಧನೆಯಲ್ಲಿ ನನ್ನ ಅನುಭವ

ಕಾಯಿಲೆಗೆ ಕಾರಣವಾದ ಕಿಣ್ವವನ್ನು ಪ್ರಯೋಗನಳಿಕೆಯಲ್ಲಿ ಚೆನ್ನಾಗಿ ತಡೆಯುವ ಅಣು ಸಿಕ್ಕಿತೆಂದರೆ ಔಷಧವೇ ಸಿಕ್ಕಿತೆಂದು ಹೊರಗಿನವರು ಭಾವಿಸುವುದುಂಟು. ಬೊಮ್ಮಸಂದ್ರದ ಕಡೆಯ ಸಂಶೋಧನಾಲಯವೊಂದರಲ್ಲಿ ಔಷಧ ರಸಾಯನಶಾಸ್ತ್ರಜ್ಞನಾಗಿ ದುಡಿಯುವ ನನಗೆ ಕೆಲಸ ಶುರುವಾಗುವುದೇ ಅಲ್ಲಿಂದ. ಆ ಅಣು ಕರುಳನ್ನು ದಾಟಿ, ಯಕೃತ್ತಿನ ಮೂಲಕ ಹಾದು, ರಕ್ತದಲ್ಲಿ ಸಾಕಷ್ಟು ಹೊತ್ತು ಉಳಿಯಬೇಕು. ನಾವು ಕೈಗೆತ್ತಿಕೊಂಡಿದ್ದ ಕೈನೇಸ್ ಪ್ರತಿಬಂಧಕವು (ಕೈನೇಸ್ ಎಂಬ ಜಾತಿಯ ಕಿಣ್ವವನ್ನು ತಡೆಯುವ ಅಣು) ಯಕೃತ್ತಿನಲ್ಲಿಯೇ ಮುಗಿದುಹೋಗುತ್ತಿತ್ತು.

ಅದರ ರಚನೆ ಸರಳವಾದದ್ದು: ನಡುವೆ ಎರಡು ಸಾರಜನಕಗಳಿರುವ ಪಿರಿಮಿಡೀನ್ ಉಂಗುರ, ಒಂದು ಬದಿಗೆ ಮಾರ್ಫೊಲೀನ್ ಎಂಬ ಉಂಗುರ, ಇನ್ನೊಂದು ಬದಿಗೆ ಮೆಥಾಕ್ಸಿ ಗುಂಪನ್ನು (ಆಮ್ಲಜನಕಕ್ಕೆ ಅಂಟಿದ ಮೀಥೈಲ್, ಅಂದರೆ ಒಂದು ಇಂಗಾಲ, ಮೂರು ಹೈಡ್ರೋಜನ್) ಹೊತ್ತ ಬೆಂಜೀನ್ ಉಂಗುರ. ಮೆಥಾಕ್ಸಿಯನ್ನು ತೆಗೆದರೆ ಕಿಣ್ವದ ಮೇಲಿನ ಹಿಡಿತವೇ ತಪ್ಪುತ್ತಿದ್ದುದರಿಂದ ಅದನ್ನು ಉಳಿಸಿಕೊಂಡೇ ದಾರಿ ಹುಡುಕಬೇಕಾಗಿತ್ತು. ಪರೀಕ್ಷೆಯ ಕ್ರಮ ಇಂತಿದೆ. ಮಾನವ ಯಕೃತ್ತಿನಿಂದ ತೆಗೆದ, ಔಷಧ ಕಡಿಯುವ ಕಿಣ್ವಗಳಿರುವ ಪೊರೆಯ ತುಣುಕುಗಳಾದ ಮೈಕ್ರೋಸೋಮ್‌ಗಳ ಜೊತೆಗೆ ಒಂದು ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ನಮ್ಮ ಅಣುವನ್ನೂ ಎನ್‌ಎಡಿಪಿಎಚ್ ಎಂಬ ಸಹಕಿಣ್ವವನ್ನೂ ಸೇರಿಸಿ, 37 ಡಿಗ್ರಿಯಲ್ಲಿಟ್ಟು, ನಿಗದಿತ ನಿಮಿಷಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ತೆಗೆದು ಅಸಿಟೋನೈಟ್ರೈಲ್‌ಗೆ ಸುರಿದರೆ, ಪ್ರೋಟೀನುಗಳು ಆಕಾರ ಕಳೆದುಕೊಂಡು, ಹಾಲು ಒಡೆದಂತೆ ಗಟ್ಟಿಯಾಗಿ ಕೆಳಗಿಳಿದು ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಉಳಿದ ಅಣುವಿನ ಪ್ರಮಾಣವನ್ನು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ನಮ್ಮದು ಅರ್ಧ ಗಂಟೆಯೊಳಗೆ ಬಹುಪಾಲು ಕಾಣೆಯಾಗಿತ್ತು.

ಎಷ್ಟು ಉಳಿಯಿತು ಎಂಬ ಸಂಖ್ಯೆಯೊಂದನ್ನೇ ನೋಡಿ ಹೊಸ ಅಣುಗಳನ್ನು ರೂಪಿಸತೊಡಗುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಕಳೆದುಹೋದದ್ದು ಏನಾಯಿತು ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಉತ್ಪನ್ನಗಳನ್ನು ಗುರುತಿಸಿಕೊಡುವಂತೆ ಕೇಳಿದಾಗ ಮೂಲ ಅಣುವಿಗಿಂತ 14 ಕಡಿಮೆ ತೂಕದ ಒಂದು ದೊಡ್ಡ ಶೃಂಗವೂ, 16 ಹೆಚ್ಚು ತೂಕದ ಒಂದು ಸಣ್ಣ ಶೃಂಗವೂ ಕಂಡವು. ಮೊದಲನೆಯದು ಮೆಥಾಕ್ಸಿಯು ಮೀಥೈಲನ್ನು ಕಳೆದುಕೊಂಡು ಫೀನಾಲ್ ಆದುದರ ಗುರುತು. ಔಷಧಗಳನ್ನು ಕಡಿಯುವ ಯಕೃತ್ತಿನ ಸೈಟೋಕ್ರೋಮ್ ಪಿ450 ಕಿಣ್ವಗಳು ಆ ಮೀಥೈಲಿನ ಒಂದು ಹೈಡ್ರೋಜನ್ನನ್ನು ಕಿತ್ತು ಆಮ್ಲಜನಕವನ್ನು ಕೂರಿಸಿದೊಡನೆ ಉಳಿದ ಭಾಗ ಫಾರ್ಮಾಲ್ಡಿಹೈಡ್ ಆಗಿ ಕಳಚಿಕೊಳ್ಳುತ್ತದೆ. ಎರಡನೆಯದು ಮಾರ್ಫೊಲೀನಿನ ಮೇಲೆ ಆಮ್ಲಜನಕ ಸೇರಿದ್ದನ್ನು ಸೂಚಿಸುತ್ತಿತ್ತು.

ಮೊದಲು ಹೊಳೆದದ್ದು ಡ್ಯೂಟೀರಿಯಂ, ಅಂದರೆ ಹೈಡ್ರೋಜನ್ನಿನ ಭಾರವಾದ ರೂಪ. ಇಂಗಾಲ–ಡ್ಯೂಟೀರಿಯಂ ಬಂಧವನ್ನು ಮುರಿಯಲು ಇಂಗಾಲ–ಹೈಡ್ರೋಜನ್ ಬಂಧಕ್ಕಿಂತ ಹೆಚ್ಚು ಶಕ್ತಿ ಬೇಕು. ಈ ತತ್ತ್ವದ ಮೇಲೆ ನಿಂತ ಮೊದಲ ಔಷಧವಾದ ಡ್ಯೂಟೆಟ್ರಾಬೆನಜೀನ್‌ಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮತಿ ಸಿಕ್ಕಿತು. ಅದರ ಎರಡು ಮೆಥಾಕ್ಸಿಗಳ ಆರೂ ಹೈಡ್ರೋಜನ್‌ಗಳ ಜಾಗದಲ್ಲಿ ಡ್ಯೂಟೀರಿಯಂ ಇದೆ. 2022ರಲ್ಲಿ ಸೋರಿಯಾಸಿಸ್‌ಗೆಂದು ಅನುಮತಿ ಪಡೆದ ಡ್ಯೂಕ್ರಾವಾಸಿಟಿನಿಬ್‌ನಲ್ಲಿಯೂ ಅಂಥದೇ ಒಂದು ಮೀಥೈಲ್ ಇದೆ. ನಾವು ಫೀನಾಲನ್ನು ತಯಾರಿಸಿಕೊಂಡು, ಪೊಟ್ಯಾಸಿಯಂ ಕಾರ್ಬೊನೇಟ್ ಜೊತೆಗೆ ಡ್ಯೂಟೀರಿಯಂ ತುಂಬಿದ ಅಯೋಡೊಮೀಥೇನ್ ಹಾಕಿ ಕಲಕಿದೆವು. ಎನ್‌ಎಂಆರ್ ನಕ್ಷೆಯಲ್ಲಿ (ಅಣುವಿನ ಹೈಡ್ರೋಜನ್ನುಗಳನ್ನು ಗೆರೆಗಳಾಗಿ ತೋರಿಸುವ ನಕ್ಷೆ) 3.8 ಪಿಪಿಎಂ ಬಳಿ ನೆಟ್ಟಗೆ ನಿಂತಿರುತ್ತಿದ್ದ ಮೆಥಾಕ್ಸಿಯ ಗೆರೆ ಮಾಯವಾಗಿತ್ತು, ಉಳಿದುದೆಲ್ಲ ಮೊದಲಿನಂತೆಯೇ ಇತ್ತು.

ಫಲಿತಾಂಶ ತಂದ ಸಹೋದ್ಯೋಗಿ, "ಸರ್, ಫೀನಾಲ್ ಕಡಿಮೆ ಆಗಿದೆ, ಆದ್ರೆ ಪ್ಲಸ್ ಹದಿನಾರು ಜಾಸ್ತಿ ಆಗಿದೆ" ಎಂದರು. (ಈ ಸಲ ಫೀನಾಲ್ ಕಂಡದ್ದು 17 ಕಡಿಮೆ ತೂಕದಲ್ಲಿ, ಏಕೆಂದರೆ ಮೂಲ ಅಣುವೇ ಮೂರು ಹೆಚ್ಚು ತೂಗುತ್ತಿತ್ತು.) ಒಂದು ಬಾಗಿಲು ಮುಚ್ಚಿದ್ದಕ್ಕೆ ಕಿಣ್ವ ಇನ್ನೊಂದರಿಂದ ನುಗ್ಗಿತ್ತು, ಒಟ್ಟು ಆಯುಸ್ಸಿನಲ್ಲಿ ಗಳಿಕೆ ಅಲ್ಪ. ಡ್ಯೂಟೀರಿಯಂ ಬಗ್ಗೆ ನನಗೆ ಗೌರವವಿದೆ, ಆದರೆ ನಾಶದ ದಾರಿ ಒಂದೇ ಆಗಿರುವಲ್ಲಿ ಮಾತ್ರ ಅದಕ್ಕೆ ಹಣ ಸುರಿಯಬೇಕೆಂಬುದು ನನ್ನ ಅಭಿಪ್ರಾಯ.

ಹಲವು ಕಡೆಯಿಂದ ಆಕ್ರಮಣವಾಗುತ್ತಿದೆಯೆಂದರೆ ಸಾಮಾನ್ಯವಾಗಿ ಇಡೀ ಅಣುವಿನಲ್ಲಿ ಜಿಡ್ಡಿನ ಗುಣ ಹೆಚ್ಚಾಗಿದೆಯೆಂದೇ ಅರ್ಥ, ಏಕೆಂದರೆ ಪಿ450 ಕಿಣ್ವಗಳ ಒಳಗುಳಿಗಳು ಜಿಡ್ಡಿನ ಅಣುಗಳನ್ನು ಇಷ್ಟಪಡುತ್ತವೆ. ಜಿಡ್ಡಿನ ಗುಣವನ್ನು ಅಳೆಯುವ ಸಂಖ್ಯೆ ಲಾಗ್ ಪಿ: ಬೆಂಜೀನಿನದು 2.13, ಪಿರಿಡೀನಿನದು 0.65, ಉಂಗುರದಲ್ಲಿ ಒಂದು ಇಂಗಾಲದ ಬದಲು ಒಂದು ಸಾರಜನಕ ಬಂದರೆ ಇಷ್ಟು ವ್ಯತ್ಯಾಸ. ಈ ವಿಷಯದಲ್ಲಿ ನಮ್ಮ ಊರಿನದೇ ಒಂದು ಉದಾಹರಣೆ ನನ್ನ ಕಣ್ಣ ಮುಂದಿತ್ತು. ಬೆಂಗಳೂರಿನ ಅಸ್ಟ್ರಾಜೆನೆಕಾ ಸಂಶೋಧನಾಲಯದಲ್ಲಿ ಕ್ಷಯರೋಗಕ್ಕಾಗಿ ರೂಪುಗೊಂಡ, ಮುಂದೆ ಟಿಬಿಎ-7371 ಎಂದು ಹೆಸರಾದ ಅಜಾಇಂಡೋಲ್ ಅಣುವಿನಲ್ಲಿ ಮೆಥಾಕ್ಸಿ ಕುಳಿತಿರುವುದು ಪಿರಿಮಿಡೀನ್ ಉಂಗುರದ ಮೇಲೆ.

ಹಾಗಾಗಿ ನಮ್ಮ ಅಣುವಿನಲ್ಲಿ ಮೆಥಾಕ್ಸಿ ಹೊತ್ತ ಬೆಂಜೀನ್ ಉಂಗುರದ ಬದಲು ಪಿರಿಡೀನ್ ಉಂಗುರವನ್ನು ಕೂರಿಸಲು ಹೊರಟೆವು. ಸಾರಜನಕವನ್ನು ಎಲ್ಲಿಡಬೇಕೆಂಬುದರಲ್ಲಿ ಎಚ್ಚರ ಬೇಕಾಯಿತು. ತೆರೆದ ಪಿರಿಡೀನ್ ಸಾರಜನಕವು ಪಿ450ರ ಹೀಮ್ ಎಂಬ ಭಾಗದಲ್ಲಿರುವ ಕಬ್ಬಿಣಕ್ಕೆ ನೇರವಾಗಿ ಅಂಟಿಕೊಂಡು ಆ ಕಿಣ್ವವನ್ನೇ ತಡೆದುಬಿಡಬಹುದು, ಹಾಗಾದರೆ ರೋಗಿ ಸೇವಿಸುವ ಬೇರೆ ಔಷಧಗಳು ದೇಹದಲ್ಲಿ ಶೇಖರವಾಗುತ್ತವೆ. ಮೆಥಾಕ್ಸಿಯ ಪಕ್ಕದಲ್ಲೇ ಸಾರಜನಕವಿದ್ದರೆ ಅದರ ಕ್ಷಾರೀಯತೆಯೂ ತಗ್ಗುತ್ತದೆ, ಅದಕ್ಕೆ ಸ್ವಲ್ಪ ಮರೆಯೂ ಸಿಗುತ್ತದೆ. ತಯಾರಿಕೆಗೂ ಅದೇ ಅನುಕೂಲ: ಉಂಗುರಗಳನ್ನು ಪೆಲ್ಲಾಡಿಯಂ ನೆರವಿನಿಂದ ಜೋಡಿಸುವ ಸುಜುಕಿ ಕ್ರಿಯೆಗೆ ಬೇಕಾದ ಬೊರಾನಿಕ್ ಆಮ್ಲದಲ್ಲಿ ಬೋರಾನ್ ಸಾರಜನಕದ ಪಕ್ಕದ ಇಂಗಾಲದ ಮೇಲಿದ್ದರೆ, ಬಿಸಿಯಾಗುತ್ತಿದ್ದಂತೆ ಕಳಚಿ ಬೀಳುತ್ತದೆ, ನಮ್ಮ ಆಯ್ಕೆಯಲ್ಲಿ ಅದು ದೂರದ ಇಂಗಾಲದ ಮೇಲಿದ್ದುದರಿಂದ ಪೆಲ್ಲಾಡಿಯಂ ಕ್ರಿಯೆ ತಕರಾರಿಲ್ಲದೆ ಮುಗಿಯಿತು.

ಮಾರ್ಫೊಲೀನ್ ಕಿಣ್ವದ ಕುಳಿಯಿಂದ ಹೊರಗೆ ನೀರಿನ ಕಡೆಗೆ ಚಾಚಿಕೊಂಡಿದ್ದುದರಿಂದ ಅದನ್ನು ಬದಲಿಸಲು ಅವಕಾಶವಿತ್ತು. ಉಂಗುರದೊಳಗೆ ಎರಡು ಇಂಗಾಲಗಳ ಸೇತುವೆ ಕಟ್ಟಿದ ಮಾರ್ಫೊಲೀನನ್ನು ಜೋಡಿಸಿದಾಗ ಆಕ್ರಮಣಕ್ಕೆ ಸಿಗುತ್ತಿದ್ದ ಜಾಗ ಇಕ್ಕಟ್ಟಾಯಿತು. ಸೇತುವೆಯಿಂದ ಜಿಡ್ಡಿನ ಗುಣ ತುಸು ಏರುತ್ತದೆ, ನಿಜ. ಪಿರಿಡೀನ್ ಕೊಟ್ಟ ಉಳಿತಾಯದಲ್ಲಿ ಅದನ್ನು ಭರಿಸಬಹುದಾಗಿತ್ತು.

ಗಣಕಯಂತ್ರದ ಮುನ್ಸೂಚನೆಯನ್ನು ನಾವು ಬಳಸಲಿಲ್ಲವೆಂದಲ್ಲ. 2024ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದವರು ರೂಪಿಸಿದ ಆಲ್ಫಾಫೋಲ್ಡ್ ತಂತ್ರಾಂಶ ಪ್ರೋಟೀನಿನ ಆಕಾರವನ್ನು ಊಹಿಸಿಕೊಡುತ್ತದೆ, ಆದರೆ ನಮ್ಮ ಅಣುವಿನ ಯಾವ ಮೂಲೆಯನ್ನು ಯಕೃತ್ತು ಎಷ್ಟು ವೇಗವಾಗಿ ಕಡಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆಂದೇ ಇರುವ ತಂತ್ರಾಂಶವೊಂದು ಮೆಥಾಕ್ಸಿಯನ್ನೂ ಮಾರ್ಫೊಲೀನನ್ನೂ ಸರಿಯಾಗಿಯೇ ಗುರುತಿಸಿತ್ತು. ಒಂದನ್ನು ತಡೆದರೆ ಇನ್ನೊಂದು ಎಷ್ಟು ಏರುತ್ತದೆಂಬುದನ್ನು ಮಾತ್ರ ಪ್ರಯೋಗವೇ ಹೇಳಬೇಕಾಯಿತು.

ಎರಡೂ ಬದಲಾವಣೆಗಳನ್ನು ಹೊತ್ತ ಅಣು ಮೈಕ್ರೋಸೋಮ್ ಪರೀಕ್ಷೆಯಲ್ಲಿ ಒಂದು ಗಂಟೆಯ ಬಳಿಕವೂ ಹೆಚ್ಚಿನಂಶ ಉಳಿದಿತ್ತು. ಕಿಣ್ವದ ಮೇಲಿನ ಹಿಡಿತ ಸ್ವಲ್ಪ ಸಡಿಲಗೊಂಡರೂ ಸಹಿಸಬಹುದಾದಷ್ಟೇ. ಸೇತುವೆಯಿಂದ ಅಣುವಿನ ಚಪ್ಪಟೆತನ ಕಡಿಮೆಯಾಗಿ ನೀರಿನಲ್ಲಿ ಕರಗುವ ಗುಣವೂ ಸುಧಾರಿಸಿತು, ಅದು ನಾವು ಲೆಕ್ಕ ಹಾಕಿರದ ಲಾಭ. ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ರಕ್ತದಲ್ಲಿ ಅದು ಅಳೆಯುವಷ್ಟು ಹೊತ್ತು ನಿಂತಿತು. ಅದೇ ಜಾತಿಯ ಬೇರೆ ಕೈನೇಸ್‌ಗಳನ್ನೂ ಅದು ತಡೆಯುತ್ತದೆಯೇ ಎಂಬ ಪರೀಕ್ಷೆ ಈಗ ನಡೆಯುತ್ತಿದೆ.